ಸಿಡ್ನಿ ಕೋರ್ಟಿನಲ್ಲಿ ಜೀತದ ಮಾತು

ಟಾರ್ನೀಟ್

ಆಸ್ಟ್ರೇಲಿಯಾಕ್ಕೆ ಹೋಗಿ ಬಂದೆ ಎಂದರೆ ನಮ್ಮವರು ಮೊದಲು ಕೇಳುವುದು ಕಾಂಗರೂ ನೋಡಿದಿರಾ ಎಂದು. ನೋಡಿದೆ, ಹೆದ್ದಾರಿ ಬದಿಯಲ್ಲಿ ಸತ್ತು ಬಿದ್ದಿತ್ತು. ಆಮೇಲೆ ಕೇಳುವುದು ಒಪೆರಾ ಹೌಸ್. ಅದನ್ನೂ ನೋಡಿದೆ, ಫೋಟೋದಲ್ಲಿ ಇರುವ ಹಾಗೆಯೇ ಇದೆ. ಆದರೆ ಎರಡು ತಿಂಗಳ ಆ ಪ್ರವಾಸದಲ್ಲಿ ನಾನು ಕಣ್ಣು ಮಿಟುಕಿಸದೆ ನೋಡಿದ್ದು ಒಂದು ಕೋರ್ಟ್ ಹಾಲನ್ನು. ತುಮಕೂರು ಜಿಲ್ಲೆಯ ಕೋರ್ಟುಗಳಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ, ಮೂವತ್ತಮೂರು ವರ್ಷ ದುಡಿದು, ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕೋರ್ಟಿನ ಗುಣವೂ ಹಾಗೆಯೇ.

ನಾನು ಇಳಿದುಕೊಂಡದ್ದು ಮೆಲ್ಬರ್ನಿನ ಪಶ್ಚಿಮಕ್ಕಿರುವ ಟಾರ್ನೀಟಿನಲ್ಲಿ, ತಂಗಿಯ ಮಗಳು ಸೌಮ್ಯಳ ಮನೆಯಲ್ಲಿ. ಆ ಬಡಾವಣೆಯಲ್ಲಿ ಎಲ್ಲ ಮನೆಗಳೂ ಬೂದು ಬಣ್ಣದವು. ಎಲ್ಲರ ಮುಂದೂ ಒಂದೇ ಅಳತೆಯ ಹುಲ್ಲು, ಒಂದೇ ಎತ್ತರದ ಕಸದ ಡಬ್ಬಗಳು. ಬಂದ ಮೂರನೆಯ ದಿನವೇ ವಾಕಿಂಗ್ ಹೋಗಿ ಮನೆ ಯಾವುದೆಂದು ತಿಳಿಯದೆ ನಿಂತುಬಿಟ್ಟೆ. ಕೇಳೋಣವೆಂದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಅರ್ಧ ಗಂಟೆಯ ಮೇಲೆ ಕಾರು ತೊಳೆಯಲು ಹೊರಬಂದ ಒಬ್ಬ ಸರ್ದಾರ್ಜಿ ನನ್ನ ಹರುಕು ಹಿಂದಿ ಕೇಳಿ, ಕಾರಿನಲ್ಲಿ ಕೂರಿಸಿಕೊಂಡು ಬೀದಿ ಬೀದಿ ಸುತ್ತಿಸಿ ಮನೆ ಮುಟ್ಟಿಸಿದರು. ಸೌಮ್ಯಳ ಒಂಬತ್ತು ವರ್ಷದ ಮಗಳು ಇಶಾ ಸೊಂಟದ ಮೇಲೆ ಕೈಯಿಟ್ಟು, ‘ಅಜ್ಜಿ, ಯು ಲೆಫ್ಟ್ ಯುವರ್ ಫೋನ್ ಅಟ್ ಹೋಮ್’ ಎಂದು ಗದರಿದಳು. ಆ ಮಗುವಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ನಾಲಗೆಯ ಮೇಲೆ ಮಾತ್ರ ಬರುವುದಿಲ್ಲ.

ಸೌಮ್ಯ ಮೈಸೂರಿನಿಂದ ಓದಲು ಹೋಗಿ, ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕ ಮೇಲೆ ಅಲ್ಲೇ ನೆಲೆಸಿದವಳು. ವಾರದಲ್ಲಿ ಮೂರು ದಿನ ಬಾಕ್ಸ್ ಹಿಲ್ಲಿನ ಒಂದು ಆಫೀಸಿನಲ್ಲಿ ಕೆಲಸ. ಉಳಿದ ದಿನ ಅವಳು ಕನ್ನಡದ ದುಭಾಷಿ. ಇಂಗ್ಲಿಷ್ ಬಾರದ ಕನ್ನಡದವರು ಆಸ್ಪತ್ರೆಗೋ ಪೊಲೀಸ್ ಠಾಣೆಗೋ ಹೋದಾಗ ಇವಳಿಗೆ ಫೋನು ಬರುತ್ತದೆ. ಆಗ ರೂಮಿನ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಹೊರಬಂದ ಮೇಲೆ ಏನಾಯಿತು ಎಂದು ಕೇಳಿದರೆ, ಹೇಳುವ ಹಾಗಿಲ್ಲ ದೊಡ್ಡಮ್ಮ, ರೂಲ್ಸು ಎನ್ನುತ್ತಾಳೆ. ಹೇಳಿದ್ದಕ್ಕೆ ಒಂದು ಮಾತು ಸೇರಿಸುವಂತಿಲ್ಲ, ಬಿಡುವಂತಿಲ್ಲ, ತಾನಾಗಿ ವಿವರಿಸುವಂತೆಯೂ ಇಲ್ಲವಂತೆ. ಮೂವತ್ತಮೂರು ವರ್ಷ ಊರಿನ ಗುಟ್ಟೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ನನ್ನ ಹತ್ತಿರವೂ ಇವಳದೊಂದು ಗುಟ್ಟೇ ಎಂದು ನನಗೆ ಒಳಗೊಳಗೇ ಸಿಟ್ಟು.

ಒಂದು ದಿನ ಸಿಡ್ನಿಯಿಂದ ಕರೆ ಬಂತು. ಅಲ್ಲಿಯ ಮೇಲ್ಮನವಿ ಕೋರ್ಟಿಗೆ ಕನ್ನಡದ ದುಭಾಷಿ ಬೇಕಾಗಿತ್ತು. ನಮ್ಮ ಭಾಷೆಗೆ ಕೋರ್ಟಿನಲ್ಲಿ ನಿಲ್ಲಬಲ್ಲ ದುಭಾಷಿಗಳು ಆ ದೇಶದಲ್ಲಿ ತೀರ ಕಡಿಮೆ. ನೀವೂ ಬನ್ನಿ ದೊಡ್ಡಮ್ಮ, ಸಿಡ್ನಿ ನೋಡಿದ ಹಾಗೂ ಆಯಿತು ಎಂದಳು ಸೌಮ್ಯ. ಕೋರ್ಟು ಎಂದ ಮೇಲೆ ನಾನು ಎರಡನೆಯ ಸಲ ಕರೆಸಿಕೊಳ್ಳುವವಳಲ್ಲ.

ಹಗಲು ರೈಲು

ವಿಮಾನದಲ್ಲಿ ಒಂದೂವರೆ ಗಂಟೆಯ ದಾರಿಯನ್ನು ನನ್ನ ಹಟಕ್ಕೆ ರೈಲಿನಲ್ಲಿ ಹೋದೆವು. ಬೆಳಿಗ್ಗೆ ಹತ್ತಿದರೆ ಸಂಜೆ ಇಳಿಯುವುದು. ಕಿಟಕಿಯಲ್ಲಿ ಹಳದಿ ಹುಲ್ಲು, ಕುರಿ, ಮತ್ತೆ ಹುಲ್ಲು, ಮತ್ತೆ ಕುರಿ. ಕುರುಬನೊಬ್ಬನೂ ಕಾಣಲಿಲ್ಲ. ಇಷ್ಟು ಕುರಿಗಳನ್ನು ಯಾರು ಕಾಯುತ್ತಾರೆ ಎಂದು ಕೇಳಿದ್ದಕ್ಕೆ ಸೌಮ್ಯ, ಬೇಲಿ ಎಂದಳು.

ಎದುರು ಸೀಟಿನಲ್ಲಿ ಕೂತಿದ್ದ ಮುದುಕ ಷೂ ಕಳಚಿ, ಪದಬಂಧ ಬಿಡಿಸುತ್ತ ಕೂತವನು ಹನ್ನೊಂದು ಗಂಟೆ ಕಾಲ ಒಂದು ಮಾತಾಡಲಿಲ್ಲ. ಅರಸೀಕೆರೆಗೆ ಹೋಗುವ ಪ್ಯಾಸೆಂಜರಿನಲ್ಲಾಗಿದ್ದರೆ ತಿಪಟೂರು ಬರುವುದರೊಳಗೆ ನನ್ನ ಪಿಂಚಣಿಯಿಂದ ಹಿಡಿದು ಮಂಡಿನೋವಿನವರೆಗೆ ಎಲ್ಲ ತಿಳಿದುಕೊಂಡಿರುತ್ತಿದ್ದ. ನಾನು ಕೊಡುಬಳೆಯ ಡಬ್ಬ ಚಾಚಿದೆ. ಗಾಬರಿಯಿಂದ ನೋಡಿ, ಬೇಡ ಎಂದು ಮೂರು ಸಲ ಥ್ಯಾಂಕ್ಸ್ ಹೇಳಿದ. ಇವರಲ್ಲಿ ಬೇಡ ಎನ್ನುವುದಕ್ಕೂ ಥ್ಯಾಂಕ್ಸೇ.

ಸೌಮ್ಯ ದಾರಿಯುದ್ದಕ್ಕೂ ಒಂದು ನೋಟ್‌ಬುಕ್ಕಿನಲ್ಲಿ ಪದಗಳ ಪಟ್ಟಿ ಮಾಡುತ್ತಿದ್ದಳು. ಕೇಸಿನ ವಿವರ ಅವಳಿಗೂ ಹೆಚ್ಚು ಗೊತ್ತಿರಲಿಲ್ಲ. ಯಾವ ಯಾವ ಪದಗಳು ಬರಬಹುದು ಎಂದಷ್ಟೇ ತಿಳಿಸಿದ್ದರು. ಬಲವಂತ, ಬೆದರಿಕೆ, ಹೊಸ ಸಾಕ್ಷ್ಯ, ಹೀಗೆ ಎದುರಿಗೆ ಕನ್ನಡ ಬರೆಯುತ್ತ ಹೋದವಳು ಒಂದು ಕಡೆ ಪೆನ್ನು ಕಚ್ಚಿಕೊಂಡು ಕೂತಳು. ‘ದೊಡ್ಡಮ್ಮ, ಫೋರ್ಸ್ಡ್ ಲೇಬರ್‌ಗೆ ಕೋರ್ಟಲ್ಲಿ ಏನಂತ ಬರೀತಿದ್ರಿ?’ ಎಂದು ಕೇಳಿದಳು.

ಜೀತ ಎಂದೆ. ಹಳ್ಳಿಯವನಿಗೂ ಅರ್ಥವಾಗುತ್ತದೆ, ಕಾನೂನಿನಲ್ಲೂ ಇದೆ, ಬೇರೆ ಪದ ಹುಡುಕುವ ಅಗತ್ಯವೇ ಇಲ್ಲ ಎಂದೂ ಸೇರಿಸಿದೆ. ಬರೆದುಕೊಂಡಳು. ಕೊನೆಗೂ ನನ್ನ ಅನುಭವ ಒಂದು ಕೆಲಸಕ್ಕೆ ಬಂತಲ್ಲ ಎಂದು ನಾನು ಕಿಟಕಿಯ ಕಡೆ ತಿರುಗಿ ಹೆಮ್ಮೆಯಿಂದ ಕುರಿಗಳನ್ನು ನೋಡುತ್ತ ಕೂತೆ.

ಸಿಡ್ನಿ, ಕೋರ್ಟಿನ ಬೆಳಿಗ್ಗೆ

ಅಲ್ಲಿಯ ಕೋರ್ಟು ಹೊರಗಿನಿಂದ ಬ್ಯಾಂಕಿನ ಹೆಡ್ಡಾಫೀಸಿನಂತಿದೆ. ಮರದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡವರಿಲ್ಲ, ಛಾಪಾಕಾಗದ ಮಾರುವವರಿಲ್ಲ, ಟೀ ಹುಡುಗರಿಲ್ಲ, ಕಕ್ಷಿದಾರರ ಗುಂಪೂ ಇಲ್ಲ. ಇಲ್ಲಿ ನಿಜವಾಗಿಯೂ ಜಗಳವಾಡುತ್ತಾರೋ ಇಲ್ಲವೋ ಎಂದು ಅನುಮಾನ ಬರುವಷ್ಟು ಶಾಂತ. ವಿಮಾನ ನಿಲ್ದಾಣದಲ್ಲಿದ್ದಂತೆ ಚೀಲವನ್ನು ಯಂತ್ರದೊಳಗೆ ಕಳಿಸಿದರು. ಕೊಡುಬಳೆಯ ಡಬ್ಬವನ್ನು ಕಾವಲುಗಾರ ತೆಗೆಸಿ, ಒಂದನ್ನು ಎತ್ತಿ ಹಿಡಿದು ನೋಡಿ, ತಿನ್ನುವುದೋ ಎಂದು ಕೇಳಿದ. ತಿಂದು ನೋಡು ಎಂದೆ. ನಕ್ಕು ಒಳಗೆ ಬಿಟ್ಟ.

ಹಾಲಿನಲ್ಲಿ ನಾನು ಮೊದಲು ಹುಡುಕಿದ್ದು ಬೆರಳಚ್ಚುಗಾರರನ್ನು. ಯಾರೂ ಇರಲಿಲ್ಲ. ಎಲ್ಲವೂ ಮೈಕಿಗೆ ಹೋಗಿ ರೆಕಾರ್ಡಾಗುತ್ತದಂತೆ. ನಮ್ಮಲ್ಲಿ ಜವಾನ ಬಾಗಿಲಲ್ಲಿ ನಿಂತು ಕಕ್ಷಿದಾರನ ಹೆಸರನ್ನು ಬಸ್ ಸ್ಟ್ಯಾಂಡಿನವರೆಗೆ ಕೇಳುವಂತೆ ಮೂರು ಸಲ ಕೂಗುತ್ತಾನೆ. ಅಲ್ಲಿ ಒಬ್ಬಾಕೆ ಮೆಲ್ಲಗೆ ಪಿಸುಗುಟ್ಟಿದಂತೆ ಹೇಳಿದಳು, ಆತ ಎದ್ದು ಹೋದ. ಮೂವರು ನ್ಯಾಯಾಧೀಶರು ಬಂದಾಗ ಎಲ್ಲರೂ ಬಾಗಿದರು. ನಾನು ಅಭ್ಯಾಸಬಲದಿಂದ ಕೈಮುಗಿದೆ.

ಮೇಲ್ಮನವಿ ಹಾಕಿದವನು ಚನ್ನಬಸಪ್ಪ, ಐವತ್ತರ ಹತ್ತಿರದವನು. ದೊಡ್ಡ ಕೋಟು ತೊಟ್ಟು ಇನ್ನಷ್ಟು ಸಣ್ಣಗೆ ಕಾಣುತ್ತಿದ್ದ. ಅವನ ಕೇಸನ್ನು ಎರಡೂ ಕಡೆಯ ವಕೀಲರು ಹೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು. ಬೆಂಗಳೂರಿನ ಛತ್ರಗಳಲ್ಲಿ ಮದುವೆ ಅಡುಗೆ ಮಾಡುತ್ತಿದ್ದ ಇವನನ್ನು ಒಂದು ಕುಟುಂಬ ಸಿಡ್ನಿಗೆ ಕರೆತಂದಿತು. ಮನೆಯಿಂದಲೇ ಊಟ ಕಳಿಸುವ ಅವರ ವ್ಯವಹಾರಕ್ಕೆ ಇವನು ಅಡುಗೆಯವನು. ಪಾಸ್‌ಪೋರ್ಟು ಅವರ ಬೀರುವಿನಲ್ಲಿ, ಹಾಸಿಗೆ ಗ್ಯಾರೇಜಿನಲ್ಲಿ. ಸಂಬಳ ಮೊದಲು ತಡವಾಯಿತು, ಆಮೇಲೆ ನಿಂತೇ ಹೋಯಿತು. ಒಂದು ವರ್ಷದ ಮೇಲೆ ಇವನನ್ನು ಊರಾಚೆಯ ಇನ್ನೊಂದು ಬಾಡಿಗೆ ಮನೆಗೆ ಸಾಗಿಸಿದರು. ಅಲ್ಲಿ ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸಿ, ರೂಮುಗಳಲ್ಲಿ ದೀಪದ ಕೆಳಗೆ ಗಾಂಜಾ ಗಿಡ ಬೆಳೆಸಿದ್ದರು. ಇವನ ಕೆಲಸ ಗಿಡಗಳಿಗೆ ನೀರು ಬಿಡುವುದು. ಆಗುವುದಿಲ್ಲ ಎಂದಾಗ, ನೀನು ಹೋದರೆ ಕಾಲೇಜು ಬಿಡಿಸಿ ನಿನ್ನ ಮಗಳನ್ನೇ ಇಲ್ಲಿಗೆ ಕರೆಸಿಕೊಳ್ಳುತ್ತೇವೆ, ಊರಿನಲ್ಲಿ ನಮ್ಮವರಿದ್ದಾರೆ ಎಂದರಂತೆ.

ಪೊಲೀಸರು ಬಂದ ದಿನ ಮನೆಯಲ್ಲಿದ್ದವನು ಇವನೊಬ್ಬನೇ. ಗಿಡ ನೋಡಿಕೊಳ್ಳುತ್ತಿದ್ದವನು ನಾನೇ, ನನ್ನನ್ನು ಕರೆತಂದ ಅಣ್ಣ ಅಕ್ಕನವರಿಗೆ ಏನೂ ಗೊತ್ತಿಲ್ಲ, ಅವರು ನನಗೆ ಅನ್ನ ಹಾಕಿದವರು ಎಂದು ಹೇಳಿಬಿಟ್ಟ. ವಿಚಾರಣೆಯಲ್ಲಿ ಬಾಯೇ ಬಿಡಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಕಲಿಸುತ್ತಾರೆ. ಅಪರಾಧಿ ಎಂದು ತೀರ್ಪಾಯಿತು, ಎರಡು ವರ್ಷ ಜೈಲಾಯಿತು. ಒಳಗಿದ್ದಾಗ ಒಬ್ಬ ನರ್ಸಿನ ಮುಂದೆ ಮೊದಲ ಸಲ ಮಗಳ ವಿಷಯ ಹೇಳಿ ಅತ್ತನಂತೆ. ಅಲ್ಲಿಂದ ಸುದ್ದಿ ಹೆಲೆನ್ ಎಂಬ ವಕೀಲೆಗೆ ಮುಟ್ಟಿತು. ಅವನು ಶಿಕ್ಷೆ ಮುಗಿಸಿ ಹೊರಬಂದಾಗಿತ್ತು. ಈಗ ಆಕೆ ಕೇಳುತ್ತಿದ್ದುದು ಇದನ್ನು: ಇವನು ಗುಲಾಮಗಿರಿಯಲ್ಲಿ ಸಿಕ್ಕಿಕೊಂಡು, ಬೆದರಿಕೆಗೆ ಅಂಜಿ ಮಾಡಿದ ಕೆಲಸ ಅದು, ಶಿಕ್ಷೆ ಕೊಡುವಾಗ ಈ ಸಂಗತಿ ಕೋರ್ಟಿನ ಮುಂದಿರಲಿಲ್ಲ, ಆದ್ದರಿಂದ ಆ ತೀರ್ಪನ್ನು ರದ್ದು ಮಾಡಬೇಕು. ಕೋರ್ಟು ಒಪ್ಪದಿದ್ದರೆ ಗಾಂಜಾ ಕೇಸಿನ ಅಪರಾಧಿ ಎಂಬ ಹಣೆಪಟ್ಟಿಯೊಂದಿಗೆ ಇವನನ್ನು ಊರಿಗೆ ಕಳಿಸುತ್ತಾರೆ.

ಪ್ರಮಾಣ ಮಾಡಲು ಭಗವದ್ಗೀತೆ ತಂದರು. ಚನ್ನಬಸಪ್ಪ ಬೇಡ ಎಂದು, ಅಂಗಿಯ ಮೇಲಿನಿಂದಲೇ ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ಹೆಲೆನ್ ಅವನ ಪ್ರಮಾಣಪತ್ರದ ಮುಖ್ಯ ಭಾಗಗಳನ್ನು ಓದಿ, ಇದೆಲ್ಲ ನಿಜವೇ ಎಂದು ಒಂದೊಂದನ್ನೇ ಕೇಳುತ್ತ ಬಂದರು. ಸೌಮ್ಯ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಿದ್ದಳು. ನಿಜ, ನಿಜ ಎನ್ನುತ್ತಿದ್ದವನು, ಅವರು ನನ್ನನ್ನು ಜೀತಕ್ಕೆ ಇಟ್ಟುಕೊಂಡಿದ್ದರು ಎಂಬ ಸಾಲಿಗೆ ಬಂದಾಗ ತಲೆಯೆತ್ತಿದ.

‘ಇದೊಂದು ಬಿಟ್ಟು ಮಿಕ್ಕಿದ್ದೆಲ್ಲ ನಿಜ. ನಾನು ಜೀತದಾಳಲ್ಲ.’

ಸೌಮ್ಯ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹೆಲೆನ್ ಕೈಯಲ್ಲಿದ್ದ ಹಾಳೆ ಹಾಗೇ ನಿಂತಿತು. ಹಿಂದೆ ಆ ಪತ್ರ ಬರೆಸುವಾಗ ಫೋನಿನಲ್ಲಿ ಓದಿ ಹೇಳಿದ ಬೇರೊಬ್ಬ ದುಭಾಷಿ ಫೋರ್ಸ್ಡ್ ಲೇಬರ್ ಎಂಬ ಇಂಗ್ಲಿಷ್ ಮಾತನ್ನು ಹಾಗೆಯೇ ಬಿಟ್ಟಿದ್ದರಂತೆ. ಇವನು ಹೂಂ ಎಂದಿದ್ದ. ಈಗ ಕನ್ನಡದಲ್ಲಿ ಕೇಳಿದ ಮೇಲೆ ಒಲ್ಲೆ ಎನ್ನುತ್ತಿದ್ದಾನೆ. ಇಡೀ ಮೇಲ್ಮನವಿ ನಿಂತಿದ್ದುದೇ ಆ ಒಂದು ಸಾಲಿನ ಮೇಲೆ. ಹೆಲೆನ್ ಬೇರೆ ಬೇರೆ ರೀತಿಯಲ್ಲಿ ಕೇಳಿದರು. ‘ಗಾಂಜಾ ಕೇಸಿನವನು ಅಂದ್ರೂ ಅನ್ಲಿ. ಜೀತ ಅಂತ ಬರೀಬೇಡಿ’ ಎಂದ. ಸರ್ಕಾರಿ ವಕೀಲರು ಏನೋ ಗುರುತು ಹಾಕಿಕೊಂಡರು. ಆ ಪದ ಕೊಟ್ಟವಳು ನಾನಲ್ಲವೇ?

ಊಟದ ಬಿಡುವು, ಹೈಡ್ ಪಾರ್ಕ್

ಊಟಕ್ಕೆಂದು ಕೋರ್ಟು ಎದ್ದಿತು. ಸಾಕ್ಷಿ ಹೇಳಿಕೆ ಅರ್ಧಕ್ಕೆ ನಿಂತಿರುವುದರಿಂದ ಚನ್ನಬಸಪ್ಪ ಯಾರ ಹತ್ತಿರವೂ ಕೇಸಿನ ಬಗ್ಗೆ ಮಾತಾಡಬಾರದು ಎಂದು ನ್ಯಾಯಾಧೀಶರು ಎಚ್ಚರಿಸಿದರು. ನಮ್ಮಲ್ಲೂ ಅದೇ ನಿಯಮ. ಸೌಮ್ಯ ಫೋನ್ ಮಾಡಬೇಕೆಂದು ಹಿಂದೆ ಉಳಿದಳು. ನಾನು ಎದುರಿನ ಹೈಡ್ ಪಾರ್ಕಿನ ಬೆಂಚಿನಲ್ಲಿ ಕೂತು ಚಪಾತಿ ಬಿಚ್ಚಿದೆ.

ಆ ಊರಿನಲ್ಲಿ ಬಿಳಿ ಮೈಯ, ಕುಡುಗೋಲಿನಂಥ ಕಪ್ಪು ಕೊಕ್ಕಿನ ಒಂದು ಹಕ್ಕಿ ಇದೆ. ಕಸದ ಡಬ್ಬ ಕೆದಕುವುದೇ ಅದರ ಉದ್ಯೋಗವಾದ್ದರಿಂದ ಜನ ಅದನ್ನು ಬಿನ್ ಚಿಕನ್ ಎನ್ನುತ್ತಾರೆ. ಅಂಥದೊಂದು ಹಿಂದಿನಿಂದ ಬಂದು ನನ್ನ ಕೈಯ ಚಪಾತಿಗೇ ಬಾಯಿ ಹಾಕಿತು. ನಾನು ಒಂದು ತುದಿ, ಅದು ಒಂದು ತುದಿ. ನನ್ನ ಕೂಗಿಗೆ ಎರಡು ಬೆಂಚಿನಾಚೆ ಕೂತಿದ್ದ ಒಬ್ಬ ಎದ್ದು ಬಂದು ಕೋಟು ಬಿಚ್ಚಿ ಬೀಸಿ ಹಕ್ಕಿ ಓಡಿಸಿದ. ನೋಡಿದರೆ ಚನ್ನಬಸಪ್ಪ.

ಅಷ್ಟು ಉಪಕಾರ ಮಾಡಿದವನ ಮುಂದೆ ಬಾಯಿ ಮುಚ್ಚಿಕೊಂಡು ಕೂರುವುದು ಹೇಗೆ? ಯಾವೂರಪ್ಪ ಎಂದೆ. ಶಿರಾ ತಾಲ್ಲೂಕು ತಾಯಿ ಎಂದ. ಊಟ ಆಯಿತಾ ಎಂದೆ. ಆತು ಎಂದ. ಅಷ್ಟರಲ್ಲಿ ಸೌಮ್ಯ ರಸ್ತೆ ದಾಟಿ ಬರುತ್ತಿದ್ದವಳು ನಮ್ಮನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿದ ಮೇಲೆ ನನಗೆ ಮಾಡಿದ್ದು ಏನೆಂದು ಹೊಳೆಯಿತು. ದುಭಾಷಿಯ ದೊಡ್ಡಮ್ಮ ಬಿಡುವಿನಲ್ಲಿ ಸಾಕ್ಷಿಯ ಜೊತೆ ಮಾತಾಡಿದ್ದಾಳೆ. ನಮ್ಮ ಕೋರ್ಟಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಮೊದಲು ಬಯ್ಯುತ್ತಿದ್ದವಳು ನಾನೇ.

ಕೋರ್ಟಿನ ಮಧ್ಯಾಹ್ನ

ಸೌಮ್ಯ ಮುಚ್ಚಿಡಲಿಲ್ಲ. ಎರಡೂ ಕಡೆಯ ವಕೀಲರಿಗೆ ಹೇಳಿದಳು, ಹೆಲೆನ್ ಅದನ್ನು ಕೋರ್ಟಿಗೆ ಹೇಳಿದರು. ತಾನು ಹಿಂದೆ ಸರಿಯಲು ಸಿದ್ಧ ಎಂದೂ ಸೌಮ್ಯ ಹೇಳಿದಳು. ಕನ್ನಡಕ್ಕೆ ಇನ್ನೊಬ್ಬರನ್ನು ಹುಡುಕಲು ವಾರಗಟ್ಟಲೆ ಬೇಕು. ನನ್ನಿಂದ ಆ ಮನುಷ್ಯನ ಕೇಸೇ ಮುಂದಕ್ಕೆ ಹೋಗುತ್ತದಲ್ಲ ಎಂದುಕೊಂಡು, ಯಾರೂ ಕರೆಯದಿದ್ದರೂ ಎದ್ದು ನಿಂತೆ.

ಮಧ್ಯದಲ್ಲಿ ಕೂತಿದ್ದ ಹಿರಿಯ ನ್ಯಾಯಾಧೀಶೆ ಬೇಸರಿಸದೆ, ಏನು ಮಾತಾಡಿದಿರಿ ಎಂದು ಕೇಳಿದರು. ಯಾವ ಊರು, ಊಟ ಆಯಿತೇ, ಇಷ್ಟೇ ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಇಷ್ಟೇನಾ ಎಂದು ಇನ್ನೊಬ್ಬರು ಕೇಳಿದರು. ನಮ್ಮಲ್ಲಿ ಈ ಎರಡನ್ನು ಕೇಳದಿದ್ದರೆ ಮನುಷ್ಯರ ಲೆಕ್ಕದಲ್ಲಿಲ್ಲ ಎಂದೆ. ಚನ್ನಬಸಪ್ಪನನ್ನೂ ಕೇಳಿದರು. ಅದನ್ನೇ ಹೇಳಿದ. ಸರ್ಕಾರಿ ವಕೀಲರು ತಮ್ಮ ಆಕ್ಷೇಪಣೆಯಿಲ್ಲ ಎಂದರು. ಮೂವತ್ತಮೂರು ವರ್ಷ ಬೇರೆಯವರ ಮಾತು ದಾಖಲಿಸಿದ ನನ್ನದೂ ಒಂದು ‘ಊಟ ಆಯ್ತಾ’ ಪರದೇಶದ ಕೋರ್ಟಿನ ದಾಖಲೆಯಲ್ಲಿ ಸೇರಿಹೋಯಿತು. ಇನ್ನು ಮೇಲೆ ಹಿಂದಿನ ಸಾಲಿನಲ್ಲಿ ಕೂರುವಂತೆ ಸೌಮ್ಯ ಕಣ್ಣಿನಲ್ಲೇ ಹೇಳಿದಳು.

ಆಮೇಲೆ ಸರ್ಕಾರಿ ವಕೀಲರ ಪಾಟೀಸವಾಲು. ಎತ್ತರದ ಆಳು. ಧ್ವನಿ ಒಂದು ಸಲವೂ ಏರಲಿಲ್ಲ. ನಮ್ಮ ವಕೀಲರು ಮೇಜು ಗುದ್ದಿ ಹೆದರಿಸುತ್ತಾರೆ. ಈತ ಬಾಗಿಲು ತೆರೆದು ಒಳಗೆ ಕರೆಯುವವರ ಹಾಗೆ ಕೇಳುತ್ತ ಹೋದರು. ಗಿಡವಿದ್ದ ಮನೆಯ ಬೀಗದಕೈ ನಿಮ್ಮ ಹತ್ತಿರವಿತ್ತೇ? ಇತ್ತು. ವಾರಕ್ಕೊಮ್ಮೆ ಅಂಗಡಿಗೆ ಹೋಗುತ್ತಿದ್ದಿರಾ? ಹೋಗುತ್ತಿದ್ದೆ. ಒಬ್ಬರೇ? ಒಬ್ಬನೇ. ಅಂಗಡಿಯ ದಾರಿಯಲ್ಲಿ ಪೊಲೀಸ್ ಠಾಣೆ ಇತ್ತೇ? ಇತ್ತು. ಅದರ ಮುಂದೆಯೇ ಹೋಗಿ ಬರುತ್ತಿದ್ದಿರಾ? ಹೌದು. ಹಾಗಾದರೆ ಬೆಳಿಗ್ಗೆ ನೀವೇ ಹೇಳಿದ್ದು ಸರಿ, ನೀವು ಜೀತದಾಳಾಗಿರಲಿಲ್ಲ, ಬಾಗಿಲು ತೆರೆದಿತ್ತು, ಹೋಗಬಹುದಿತ್ತು, ಹೋಗಲಿಲ್ಲ. ಅಲ್ಲವೇ?

ಚನ್ನಬಸಪ್ಪ ಮತ್ತೆ ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡ. ಹಿರಿಯ ನ್ಯಾಯಾಧೀಶೆ ಪ್ರಶ್ನೆ ಅರ್ಥವಾಯಿತೇ ಎಂದು ಕೇಳಿದರು. ಆಯಿತು ಎಂದ. ಆಮೇಲೆ ವಕೀಲರನ್ನಾಗಲಿ ನ್ಯಾಯಾಧೀಶರನ್ನಾಗಲಿ ನೋಡದೆ, ಪಕ್ಕದಲ್ಲಿದ್ದ ಸೌಮ್ಯಳಿಗೆ ಹೇಳುವವನಂತೆ ಹೇಳತೊಡಗಿದ.

‘ನಮ್ಮನೆ ಬಾಗಿಲಿಗೂ ಬೀಗ ಇರ್ಲಿಲ್ಲ ಸ್ವಾಮಿ. ನಮ್ಮಪ್ಪ ಹನುಮ ಅನ್ನೋನ್ನ ಜೀತಕ್ಕೆ ಇಟ್ಕಂಡಿದ್ರು. ನಾನು ಹುಟ್ಟೋಕೆ ಮುಂಚಿಂದಾನೂ ಇದ್ದ. ಒಬ್ನೇ ಹೊಲಕ್ಕೆ ಹೋಗ್ತಿದ್ದ, ಸಂತೆಗೆ ಹೋಗ್ತಿದ್ದ, ನಮ್ಮ ಎತ್ತು ಹೊಡ್ಕಂಡು ಶಿರಾಕ್ಕೂ ಹೋಗ್ತಿದ್ದ. ದಾರೀಲಿ ಪೊಲೀಸ್ ಸ್ಟೇಷನ್ನೂ ಇತ್ತು. ಸಂಜೆಗೆ ವಾಪಸ್ ಬಂದು ಹಿತ್ತಲಲ್ಲಿ ಕೂತ್ಕಂಡು ಉಣ್ಣೋನು. ನಾನು ಸಣ್ಣವನಿದ್ದಾಗ ಒಂದಿನ ಕೇಳ್ದೆ, ಯಾಕೆ ಹನುಮ, ಹೋಗ್ಬಿಡಬಾರ್ದಾ ಅಂತ. ನಾನು ಹೋದ್ರೆ ನಿಮ್ಮಪ್ಪಾರು ನನ್ನ ತಮ್ಮನ್ನ ಕರ್ಕಂಬತ್ತಾರೆ ಬುದ್ದಿ, ಅಂದ.’

ಸೌಮ್ಯ ಇಂಗ್ಲಿಷಿನಲ್ಲಿ ಹೇಳಿದಳು. ಬುದ್ದಿ ಎಂಬಲ್ಲಿ ಒಂದು ಕ್ಷಣ ತಡೆದು, ಯಜಮಾನರ ಮಗನನ್ನು ಕರೆದ ಗೌರವದ ಮಾತು ಎನ್ನುವಂಥ ಒಂದು ಪದ ಹಾಕಿ ಮುಂದೆ ಹೋದಳು. ಒಂದು ಮಾತು ಕೂಡಿಸಲಿಲ್ಲ, ಬಿಡಲಿಲ್ಲ.

ಚನ್ನಬಸಪ್ಪ ಮತ್ತೆ ಹೇಳಿದ. ಹನುಮ ಸತ್ತ ವರ್ಷವೇ ಅಪ್ಪ ಅವನ ತಮ್ಮ ತಿಮ್ಮನನ್ನು ಕರೆತಂದರಂತೆ. ತಿಮ್ಮ ಹನ್ನೊಂದು ವರ್ಷ ಇದ್ದನಂತೆ. ಜೀತ ಮಾಡಿಸಬಾರದು ಎಂದು ಆಗ ಕಾನೂನು ಬಂದಾಗಿತ್ತು, ಊರಲ್ಲಿ ಯಾರೂ ಕೇಳಲಿಲ್ಲ. ‘ಜೀತ ಅಂದ್ರೆ ಏನು ಅಂತ ನಂಗೊತ್ತು. ಅದಕ್ಕೇ ಬೆಳಿಗ್ಗೆ ಬೇಡ ಅಂದೆ. ಹಿತ್ತಲಲ್ಲಿ ಕೂತಿದ್ದೋನ್ ಹೆಸ್ರು ನಂಗೆ ಬರೋದು ನಾಚ್ಕೆ ಆತು. ನನ್ನ ಮಗಳ ವಿಷ್ಯ ಎತ್ತಿದ ದಿನ ಹನುಮನ ಮಾತು ನೆನಪಾತು. ಅವತ್ತಿಂದ ನಾನೂ ಬೀಗದಕೈ ಜೇಬಲ್ಲಿಟ್ಕಂಡು ಅಂಗಡಿಗೆ ಹೋಗಿ ವಾಪಸ್ ಬತ್ತಿದ್ದೆ. ಬರ್ಕಳ್ಳಿ ಸ್ವಾಮಿ. ಅದು ಜೀತಾನೇ.’

ಸರ್ಕಾರಿ ವಕೀಲರು ಇನ್ನೆರಡು ಪ್ರಶ್ನೆ ಕೇಳಿ ಕೂತರು. ತೀರ್ಪನ್ನು ಕಾದಿರಿಸಿ ಕೋರ್ಟು ಎದ್ದಿತು.

ನಾನು ಬೇಗ ಏಳಲಾಗದೆ ಕೂತಿದ್ದೆ. ನನ್ನ ಸರ್ವಿಸಿನಲ್ಲಿ ಜೀತದ ಆರೋಪವೂ ಸೇರಿದ್ದ ಕೇಸುಗಳು ನಾಲ್ಕೈದು ಬಂದಿದ್ದವು. ಸಾಕ್ಷಿಯು ತಾನು ಸಂತೆಗೆ ಒಬ್ಬನೇ ಹೋಗಿ ಬರುತ್ತಿದ್ದೆನೆಂದು ಒಪ್ಪಿಕೊಂಡಿರುತ್ತಾನೆ, ಎಂಬ ಸಾಲನ್ನು ನಾನೇ ಈ ಕೈಯಿಂದ ಕುಟ್ಟಿದ್ದೇನೆ. ಧಣಿಗಳು ಬಿಡುಗಡೆಯಾಗಿ ಹೋದರು. ಹೋಗಲು ಇವರಿಗೆ ಏನು ರೋಗ ಬಂದಿತ್ತು, ಬಾಗಿಲು ತೆರೆದೇ ಇತ್ತಲ್ಲ ಎಂದು ಟೀ ಕುಡಿಯುತ್ತ ಗೊಣಗಿದವಳೂ ನಾನೇ. ಹೋಗದಿರಲು ಮನೆಯಲ್ಲಿ ತಮ್ಮನೋ ಮಗಳೋ ಇರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಆ ಬೆಂಚಿನಲ್ಲಿ ಕೂತು ನನಗೆ ಬಹಳ ನಾಚಿಕೆಯಾಯಿತು. ಇದನ್ನು ಬರೆಯುವಾಗಲೂ ಆಗುತ್ತಿದೆ.

ಸಿಡ್ನಿ, ಮರುದಿನ

ಬಂದದ್ದಕ್ಕೆ ನೋಡಬೇಕಲ್ಲ ಎಂದು ದೋಣಿ ಹತ್ತಿದೆವು. ಆಫೀಸಿಗೆ ಹೋಗುವವರು ಅದನ್ನು ನಮ್ಮ ಸಿಟಿ ಬಸ್ಸಿನಂತೆ ಹತ್ತಿ ಇಳಿಯುತ್ತಾರೆ. ಅಷ್ಟು ಚಂದದ ಸಮುದ್ರವನ್ನು ಬಿಟ್ಟು ಫೋನು ನೋಡುತ್ತಾರೆ. ಗಾಳಿಗೆ ನನ್ನ ಸೆರಗು ಹಾರಿ ಪಕ್ಕದವನ ಕಾಫಿಯೊಳಗೆ ಬಿತ್ತು. ಸಾರಿ ಎಂದದ್ದು ಅವನು.

ರಾತ್ರಿಯೆಲ್ಲ ಕೊರೆಯುತ್ತಿದ್ದುದನ್ನು ಸೌಮ್ಯಳಿಗೆ ಹೇಳಿದೆ. ನಾನು ಆ ಪದ ಕೊಡದಿದ್ದರೆ ಆ ಮನುಷ್ಯ ಅಷ್ಟು ಜನರ ಮುಂದೆ ಅಪ್ಪನ ಮಾನ ಕಳೆಯಬೇಕಿರಲಿಲ್ಲ ಎಂದೆ. ಕೋರ್ಟಿನಲ್ಲಿ ಎಲ್ಲರೂ ಕೇಳಿದ್ದಾಗಿತ್ತಾದ್ದರಿಂದ ಅವಳು ಈ ಸಲ ರೂಲ್ಸು ಎನ್ನಲಿಲ್ಲ.

‘ಬೇರೆ ಪದ ಹಾಕಿದ್ರೆ ಹೂಂ ಅಂದು ಮುಗಿಸ್ತಿದ್ರು ದೊಡ್ಡಮ್ಮ. ಆಮೇಲೆ ಬಾಗಿಲು ಓಪನ್ ಇತ್ತಲ್ವಾ ಅಂದಾಗ ಹೇಳೋಕೆ ಅವರ ಹತ್ರ ಏನೂ ಇರ್ತಿರ್ಲಿಲ್ಲ.’

ಅವಳು ಹೇಳಿದ್ದು ನಿಜವಿದ್ದರೂ ಇರಬಹುದು. ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ. ವಾಪಸು ವಿಮಾನದಲ್ಲಿ ಹೋಗೋಣ ಎಂದು ನಾನೇ ಹೇಳಿದೆ.

ಮತ್ತೆ ಟಾರ್ನೀಟ್

ಉಳಿದ ದಿನಗಳು ಹತ್ತಿರದ ಬಡಾವಣೆ ಪಾಯಿಂಟ್ ಕುಕ್ಕಿನ ನೆಂಟರ ಮನೆ, ಗೃಹಪ್ರವೇಶ, ಹುಟ್ಟುಹಬ್ಬಗಳಲ್ಲಿ ಕಳೆದವು. ಹೋದಲ್ಲೆಲ್ಲ ಮಾರ್ಟ್‌ಗೇಜಿನ ಮಾತು, ಬಾಣಲೆಯಷ್ಟು ದೊಡ್ಡ ಟ್ರೇಗಳಲ್ಲಿ ಬಿಸಿಬೇಳೆ ಭಾತು. ಒಂದು ಮನೆಯಲ್ಲಿ, ಅಡುಗೆ ತುಂಬ ಚೆನ್ನಾಗಿದೆ, ಯಾರು ಮಾಡಿದ್ದು ಎಂದು ಕೇಳಿದೆ. ಆರ್ಡರ್ ಮಾಡಿದ್ದು ಆಂಟಿ ಎಂದರು. ಮಾಡಿದವರು ಯಾರು ಎಂದು ಮತ್ತೆ ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲವಂತೆ. ಸೌಮ್ಯ ನನ್ನ ತಟ್ಟೆ ಇಸಿದುಕೊಂಡು ಹೋದಳು.

ನಾನು ಹೊರಡಲು ನಾಲ್ಕು ದಿನ ಇರುವಾಗ ತೀರ್ಪು ಬಂತು. ಅದನ್ನು ಚನ್ನಬಸಪ್ಪನಿಗೆ ಓದಿ ಹೇಳಲು ಹೆಲೆನ್ ವಿಡಿಯೋ ಕರೆ ಇಟ್ಟಿದ್ದರು. ಸೌಮ್ಯ ಎಂದಿನಂತೆ ರೂಮಿನ ಬಾಗಿಲು ಮುಚ್ಚಿಕೊಂಡಳು. ಎರಡು ನಿಮಿಷದಲ್ಲಿ ಬಾಗಿಲು ತೆರೆದು ನನ್ನನ್ನು ಕರೆದಳು. ಹಕ್ಕಿ ಓಡಿಸಿಕೊಂಡ ಆ ತಾಯಿ ಇದ್ದರೆ ಅವರೂ ಕೇಳಲಿ ಎಂದು ಅವನೇ ಹೇಳಿದನಂತೆ, ಹೆಲೆನ್ ಆಗಲಿ ಎಂದರಂತೆ.

ಚನ್ನಬಸಪ್ಪ ಯಾವುದೋ ಕಚೇರಿಯಲ್ಲಿ ಹೆಲೆನ್ ಪಕ್ಕ ಕೂತಿದ್ದ. ಮೂವರು ನ್ಯಾಯಾಧೀಶರೂ ಒಂದೇ ಅಭಿಪ್ರಾಯಕ್ಕೆ ಬಂದಿದ್ದರು. ಹಳೆಯ ತೀರ್ಪು ರದ್ದಾಗಿತ್ತು, ಮರುವಿಚಾರಣೆಯೂ ಬೇಡ ಎಂದಿದ್ದರು. ಅವನ ಹೆಸರಿನ ಮೇಲೆ ಇನ್ನು ಯಾವ ಅಪರಾಧವೂ ಇಲ್ಲ. ಸೌಮ್ಯ ಅದನ್ನು ಕನ್ನಡದಲ್ಲಿ ಹೇಳಿದಳು. ಅವನು ಹೂಂ ಎಂದು ಕೇಳಿಸಿಕೊಂಡು, ಎರಡು ಕೈಯಿಂದ ಮುಖ ಒರೆಸಿಕೊಂಡ. ಆಮೇಲೆ ಅದರಲ್ಲಿ ಹನುಮನ ಹೆಸರು ಇದೆಯೇ ಎಂದು ಕೇಳಿದ.

ಇತ್ತು. ತೆರೆದ ಬಾಗಿಲು ಎಂದರೆ ಬಿಡುಗಡೆಯಲ್ಲ ಎಂಬುದಕ್ಕೆ ನ್ಯಾಯಾಧೀಶರು ಬೇರೆ ಯಾರ ಮಾತನ್ನೂ ಎತ್ತಿಕೊಂಡಿರಲಿಲ್ಲ. ಹನುಮ ಹೇಳಿದ್ದನ್ನೇ ಹಾಗೆಯೇ ಬರೆದಿದ್ದರು. ಓದಿ ಎಂದ. ಸೌಮ್ಯ ಓದಿದಳು. ಇನ್ನೊಂದು ಸಲ ಓದಿಸಿಕೊಂಡ. ಶಿರಾ ತಾಲ್ಲೂಕಿನ ಒಬ್ಬ ಜೀತದಾಳಿನ ಮಾತನ್ನು ಅವನು ಬದುಕಿದ್ದಾಗ ನಮ್ಮ ಕಡೆಯ ಯಾವ ಕೋರ್ಟೂ ಬರೆದುಕೊಂಡಿರಲಿಲ್ಲ.

ಹೆಲೆನ್ ಮುಂದೇನು ಮಾಡುತ್ತೀರಿ ಎಂದು ಕೇಳಿದರು. ಊರಿಗೆ ಹೋಗುತ್ತೇನೆ ಎಂದ. ಹೆಂಡತಿ, ಮಗಳನ್ನು ನೋಡಬೇಕು, ಆಮೇಲೆ ತಿಮ್ಮನ ಮನೆಗೆ ಹೋಗಬೇಕು, ಮುದುಕನಾಗಿದ್ದಾನೆ, ಇನ್ನೂ ಇದ್ದಾನಂತೆ ಎಂದ. ನಾನು ಮತ್ತೆ ಸುಮ್ಮನಿರಲಾರದೆ, ಹೋಗಿ ಅವನಿಗೆ ಏನಂತ ಹೇಳುತ್ತೀಯಪ್ಪ ಎಂದು ಕೇಳಿಬಿಟ್ಟೆ.

‘ಗೊತ್ತಿಲ್ಲ ತಾಯಿ,’ ಎಂದ ಚನ್ನಬಸಪ್ಪ. ‘ಮೊದ್ಲು ಅವನು ನಂಗೆ ಬಾಗಿಲು ತೆಗೀಬೇಕಲ್ಲ.’